ಹಾಲುಹಲ್ಲು ಮತ್ತು ಮಾಲ್ಗುಡಿಯ ರಾಗ

ಮಗುವಿಗೆ ಹಲ್ಲು ಬರುವ ಸೂಚನೆ ಸಿಕ್ಕಿತೆಂದರೆ ನಮ್ಮ ಮಲೆನಾಡಿನ ಕಡೆ ಮೊದಲು ಕೇಳುವುದು ಒಂದೇ ಮಾತು: ಮೇಲಿನದೋ, ಕೆಳಗಿನದೋ? ಮೇಲಿನ ಹಲ್ಲು ಮೊದಲು ಮೂಡಿದರೆ ಸೋದರಮಾವನಿಗೆ ಆಗಿಬರುವುದಿಲ್ಲ ಎಂಬ ನಂಬಿಕೆ ಇವತ್ತಿಗೂ ಗಟ್ಟಿಯಾಗಿದೆ. ತೀರ್ಥಹಳ್ಳಿಯಿಂದ ಅಮ್ಮ ಫೋನಿನಲ್ಲಿ ಮಗುವಿನ ತೂಕ, ನಿದ್ದೆ, ಹೊಟ್ಟೆ ಎಲ್ಲ ವಿಚಾರಿಸಿದ ಮೇಲೆ ದನಿ ತಗ್ಗಿಸಿ ಇದನ್ನೇ ಕೇಳುತ್ತಾರೆ. ಕೆಳಗಿನದೇ ಎಂದರೆ "ಸದ್ಯ" ಎಂದು ಉಸಿರು ಬಿಡುತ್ತಾರೆ. ಅವರಿಗೆ ಧೈರ್ಯ ಹೇಳಲು ವೈದ್ಯಶಾಸ್ತ್ರವೂ ಜೊತೆಗಿದೆ. ಬಹುಪಾಲು ಮಕ್ಕಳಲ್ಲಿ ಆರನೇ ತಿಂಗಳ ಆಸುಪಾಸಿನಲ್ಲಿ ಮೊದಲು ಕಾಣಿಸಿಕೊಳ್ಳುವುದು ಕೆಳದವಡೆಯ ನಡುವಿನ ಎರಡು ಬಾಚಿಹಲ್ಲುಗಳೇ. ಕೆಲವು ಮಕ್ಕಳಿಗೆ ನಾಲ್ಕನೇ ತಿಂಗಳಿಗೇ ಬಂದೀತು, ಕೆಲವಕ್ಕೆ ಮೊದಲ ಹುಟ್ಟುಹಬ್ಬ ಕಳೆದರೂ ಬಾರದೆ ಇದ್ದೀತು. ಎರಡೂ ಸಹಜ.

ಕೋಲ್ಕತ್ತದಲ್ಲಿ ಸೋದರಮಾವನಿಗೆ ಬೇರೆಯೇ ಜವಾಬ್ದಾರಿ ಇದೆ. ಇಲ್ಲಿ ಅನ್ನಪ್ರಾಶನವನ್ನು ಮನೆಮಾತಿನಲ್ಲಿ ಮುಖೇ ಭಾತ್ ಎನ್ನುತ್ತಾರೆ. ಮಗುವಿನ ಬಾಯಿಗೆ ಮೊದಲ ತುತ್ತು ಪಾಯಸ ಇಡಬೇಕಾದವನು ಮಾಮಾ. ಗಂಡುಮಗುವಾದರೆ ಆರು ಅಥವಾ ಎಂಟನೆಯ ತಿಂಗಳು, ಹೆಣ್ಣಾದರೆ ಐದು ಅಥವಾ ಏಳನೆಯದು. ಆಮೇಲೆ ತಟ್ಟೆಯಲ್ಲಿ ಮಣ್ಣು, ಪುಸ್ತಕ, ಲೇಖನಿ, ಬಂಗಾರ ಇಟ್ಟು ಮಗು ಯಾವುದಕ್ಕೆ ಕೈ ಹಾಕುತ್ತದೆ ಎಂದು ಎಲ್ಲರೂ ಕಾಯುತ್ತಾರೆ. ನಮ್ಮ ಮನೆ ಇರುವುದು ಲೇಕ್ ಮಾರ್ಕೆಟ್ ಹತ್ತಿರ. ದಕ್ಷಿಣದವರು ತಲೆಮಾರುಗಳಿಂದ ನೆಲೆಸಿದ ಜಾಗ; ಕರಿಬೇವು, ಬಾಳೆಎಲೆ, ಕಾಫಿಪುಡಿಗೆ ತಡಕಾಡಬೇಕಾಗಿಲ್ಲ. ಎದುರುಮನೆಯ ಮಾಸಿಮಾ ನಮ್ಮ ಪುಟ್ಟಿಯ ಜೊಲ್ಲು ನೋಡಿಯೇ "ದಾಂತ್ ಉಠ್ಛೆ" ಎಂದು ತೀರ್ಪು ಕೊಟ್ಟು, ಮರುಮಾತಿಗೇ ಮಾಮಾ ಯಾವಾಗ ಬರುತ್ತಾನೆ ಎಂದು ಕೇಳಿದರು. ಎರಡು ಸಾವಿರ ಕಿಲೋಮೀಟರಿನಷ್ಟು ದೂರ ಇರುವ ಎರಡು ಊರುಗಳ ಇಬ್ಬರು ಹಿರಿಯರು ಒಂದು ಹಲ್ಲಿನ ನೆಪದಲ್ಲಿ ನನ್ನ ತಮ್ಮನನ್ನೇ ನೆನೆಸಿಕೊಂಡರಲ್ಲ ಎಂದು ನನಗೆ ಹಿಗ್ಗು.

ಹಲ್ಲು ಬರುವುದನ್ನು ಹತ್ತಿರದಿಂದ ನೋಡುವ ಅವಕಾಶ ತಾಯಿತಂದೆಯರಿಗೆ ಮಾತ್ರ ಸಿಗುತ್ತದೆ. ಒಸಡು ಮೊದಲು ಕೆಂಪೇರಿ ಉಬ್ಬುತ್ತದೆ. ಬೆರಳಿಗೆ ತೊಳೆದ ಬಟ್ಟೆ ಸುತ್ತಿ ಮೆಲ್ಲಗೆ ಸವರಿದರೆ ಒಳಗೆ ಗಟ್ಟಿಯಾದ ಏಣು ಹತ್ತುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಚರ್ಮದ ಅಡಿಯಲ್ಲಿ ಅಕ್ಕಿನುಚ್ಚಿನಷ್ಟು ಬಿಳಿ. ಒಂದು ಬೆಳಿಗ್ಗೆ ಬೆಳ್ಳಿ ಒಳಲೆಯ ತುದಿ ತಾಗಿ 'ಟಿಣ್' ಎನ್ನುತ್ತದೆ. ಆ ಸದ್ದಿಗೆ ಮನೆಮಂದಿಯೆಲ್ಲ ಓಡಿಬರುತ್ತಾರೆ. ಈ ಹಲ್ಲು ಈಗ ಹುಟ್ಟಿದ್ದೂ ಅಲ್ಲ. ಗರ್ಭಕ್ಕೆ ಆರು ವಾರ ತುಂಬುವ ಹೊತ್ತಿಗೇ ದವಡೆಯಲ್ಲಿ ಅದರ ಮೊಳಕೆಗೆ ಶುರು. ಮಗು ಹುಟ್ಟುವಾಗ ಇಪ್ಪತ್ತು ಹಾಲುಹಲ್ಲುಗಳೂ ಒಸಡಿನೊಳಗೆ ಅರೆಬರೆ ರೂಪುಗೊಂಡು ಕಾಯುತ್ತಿರುತ್ತವೆ. ನಗುವಾಗ ನಾವು ಬೊಚ್ಚುಬಾಯಿ ಎಂದು ಮುದ್ದಾಡುವ ಆ ಬಾಯಿಯೊಳಗೆ ಅಷ್ಟೊಂದು ಹಲ್ಲುಗಳು ಅಡಗಿ ಕೂತಿವೆ ಎಂದು ತಿಳಿದ ಮೇಲೆ ನಾನು ಆ ನಗೆಯನ್ನು ನೋಡುವ ರೀತಿಯೇ ಬೇರೆಯಾಗಿದೆ.

ಈ ದಿನಗಳಲ್ಲಿ ಪುಟ್ಟಿ ಕಚ್ಚದ ವಸ್ತುವಿಲ್ಲ. ಹಾಲು ಕುಡಿಯುತ್ತಾ ನನ್ನನ್ನೇ ಕಚ್ಚುತ್ತಾಳೆ. ಕಣ್ಣಲ್ಲಿ ನೀರು ಬರುತ್ತದೆ. ಮಾಸಿಮಾ ಬಣ್ಣದ ಮರದ ಚುಷಿಕಾಠಿ ತಂದುಕೊಟ್ಟರು. ಬಂಗಾಳದ ಮಕ್ಕಳು ಬಹಳ ಹಿಂದಿನಿಂದ ಚೀಪುತ್ತ ಬಂದ ಕಡ್ಡಿ ಅದು. ಅಮ್ಮ ಚನ್ನಪಟ್ಟಣದ ಗಿಲಕಿ ಕಳಿಸಿದರು. ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಗಿಲಕಿ, ಮಗುವಿನ ಮುಷ್ಟಿಗೆ ಹೇಳಿ ಮಾಡಿಸಿದಂತಿದೆ. ಎರಡನ್ನೂ ಬಿಟ್ಟು ಅವಳು ಕೈಚಾಚುವುದು ಟಿ.ವಿ. ರಿಮೋಟಿಗೆ. ಅದರ ಮೆತ್ತನೆಯ ರಬ್ಬರ್ ಗುಂಡಿಗಳು ಒಸಡಿಗೆ ಹಿತವಾಗಿರಬೇಕು. ಕೆಟ್ಟುಹೋದ ಹಳೆಯ ರಿಮೋಟಿನ ಸೆಲ್ ತೆಗೆದು, ಮುಚ್ಚಳ ಭದ್ರಮಾಡಿ, ಒರೆಸಿ ಕೊಟ್ಟಿದ್ದೇವೆ, ಅದೂ ನಮ್ಮ ಕಣ್ಣೆದುರಿಗೆ ಮಾತ್ರ. ಇಲ್ಲೊಂದು ಮಾತು ಹೇಳಲೇಬೇಕು: ಕೆಲವು ರಿಮೋಟುಗಳಲ್ಲಿ, ಆಟಿಕೆಗಳಲ್ಲಿ ಇರುವ ಬಿಲ್ಲೆಯಾಕಾರದ ಬಟನ್ ಸೆಲ್ಲನ್ನು ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಲ್ಲದು. ಅಂಥ ಅನುಮಾನ ಬಂದರೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಹಲ್ಲಿನ ನೋವಿಗೆ ಮನುಷ್ಯ ಮಾಡಿದ ಮದ್ದುಗಳ ಚರಿತ್ರೆ ಓದಿದರೆ ಎದೆ ನಡುಗುತ್ತದೆ. ಹದಿನೇಳು, ಹದಿನೆಂಟನೇ ಶತಮಾನದ ಲಂಡನ್ನಿನ ಮರಣಪಟ್ಟಿಗಳಲ್ಲಿ 'ಹಲ್ಲು' ಎಂಬುದೇ ಸಾವಿನ ಒಂದು ಕಾರಣವಾಗಿ ದಾಖಲಾಗಿದೆ. ಬೇರೆ ರೋಗಗಳಿಂದ ಸತ್ತ ಎಳೆಗೂಸುಗಳ ಸಾವನ್ನೂ ಹಲ್ಲಿನ ತಲೆಗೆ ಕಟ್ಟುತ್ತಿದ್ದರು. ವೈದ್ಯರು ಚೂರಿಯಿಂದ ಒಸಡು ಸೀಳುತ್ತಿದ್ದರು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಅಮೆರಿಕದಲ್ಲಿ ಮನೆಮಾತಾದ ಮಿಸೆಸ್ ವಿನ್ಸ್‌ಲೋ ಸಿರಪ್ಪಿನಲ್ಲಿ ಇದ್ದದ್ದು ಮಾರ್ಫಿನ್. ಬ್ರಿಟನ್ನಿನ ಹಲ್ಲಿನ ಪುಡಿಗಳಲ್ಲಿ ಪಾದರಸದ ಕ್ಯಾಲೊಮೆಲ್ ಬೆರೆಸುತ್ತಿದ್ದರು. ಮಕ್ಕಳ ಅಂಗೈ ಅಂಗಾಲು ಕೆಂಪಾಗಿ ಸುಲಿದು, ನೋವಿಗೆ ಅವು ನಿದ್ದೆಗೆಟ್ಟು ನರಳುವ 'ಪಿಂಕ್ ಡಿಸೀಸ್' ಯಾಕೆ ಬರುತ್ತದೆಂದು ದಶಕಗಳ ಕಾಲ ಯಾರಿಗೂ ತಿಳಿಯಲಿಲ್ಲ. 1950ರ ದಶಕದಲ್ಲಿ ಆ ಪುಡಿಗಳನ್ನು ಹಿಂತೆಗೆದುಕೊಂಡ ಮೇಲೆ ಕಾಯಿಲೆಯೂ ಹೆಚ್ಚುಕಡಿಮೆ ಮಾಯವಾಯಿತು. ಮಗುವಿನ ಅಳು ನಿಲ್ಲಲಿ ಎಂದು ಆ ತಾಯಂದಿರು ತಮ್ಮ ಕೈಯಾರೆ ಆ ಪುಡಿ ತಿನ್ನಿಸಿದರು. ಅವರನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕೋಲ್ಕತ್ತ ಹೋಮಿಯೋಪಥಿಯ ಊರು. ಸಿಹಿ ಗುಳಿಗೆಯ ಪುಟ್ಟ ಸೀಸೆ ಇಲ್ಲದ ಮನೆ ಕಡಿಮೆ. ಹಲ್ಲಿಗೆಂದೇ ಗುಳಿಗೆ ಸೂಚಿಸಿದವರು ಹಲವರು, ಎಲ್ಲರದೂ ಪ್ರೀತಿಯೇ. ಆದರೆ 2016ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇಂಥ ಗುಳಿಗೆ, ಜೆಲ್‌ಗಳ ವಿರುದ್ಧ ಎಚ್ಚರಿಸಿತ್ತು. ಮರುವರ್ಷ ಅದರ ಪರೀಕ್ಷೆಯಲ್ಲಿ ಕೆಲವು ಗುಳಿಗೆಗಳಲ್ಲಿ ಬೆಲ್ಲಡೋನಾ ಎಂಬ ವಿಷಸಸ್ಯದ ಅಂಶ ಏರುಪೇರಾಗಿ ಕಂಡುಬಂತು. ಒಸಡನ್ನು ಮರಗಟ್ಟಿಸುವ ಬೆಂಜೊಕೇನ್ ಜೆಲ್ ಎರಡು ವರ್ಷದೊಳಗಿನವರಿಗೆ ಬೇಡವೆಂದು 2018ರಲ್ಲಿ ಹೇಳಿದ್ದೂ ಅದೇ ಸಂಸ್ಥೆ. ಹೀಗಾಗಿ ನಮ್ಮ ಮನೆಯಲ್ಲಿ ಮದ್ದು ಎಂದರೆ ಫ್ರಿಜ್ಜಿನಲ್ಲಿಟ್ಟು ತಂಪು ಮಾಡಿದ ಒದ್ದೆ ಮಲ್ಮಲ್ ಬಟ್ಟೆ, ಗಲ್ಲದ ಜೊಲ್ಲು ಒರೆಸಲು ಮೆತ್ತನೆಯ ಗಮ್ಛಾ, ಮತ್ತು ಹೆಗಲು. ಹಲ್ಲಿನಿಂದ ಮೈ ತುಸು ಬೆಚ್ಚಗಾದೀತು, ಅಷ್ಟೇ. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರವನ್ನಾಗಲಿ, ನೀರಾದ ಭೇದಿಯನ್ನಾಗಲಿ "ಹಲ್ಲು ಬರ್ತಿದೆ ಬಿಡು" ಎಂದು ತಳ್ಳಿಹಾಕಬಾರದು. ಲಂಡನ್ನಿನ ಆ ಹಳೆಯ ಪಟ್ಟಿಯ ತಪ್ಪು ನಮ್ಮ ಮನೆಗಳಲ್ಲೂ ಇನ್ನೂ ಜೀವಂತವಾಗಿದೆ.

ಹಗಲು ಹೇಗೋ ಕಳೆಯುತ್ತದೆ. ರಾತ್ರಿಯೇ ಕಷ್ಟ. ಮಳೆಗಾಲದ ಕೋಲ್ಕತ್ತದ ಸೆಕೆಯಲ್ಲಿ ಫ್ಯಾನಿನ ಗಾಳಿಯೂ ಬಿಸಿ. ಮಗು ಹೆಗಲೆಲುಬಿಗೆ ಒಸಡು ಒತ್ತಿಕೊಂಡು ಅಳುತ್ತದೆ, ಜೊಲ್ಲು ರವಿಕೆಯೊಳಗೆ ಇಳಿಯುತ್ತದೆ. ಜೋಗುಳಗಳೆಲ್ಲ ಮುಗಿದ ಮೇಲೆ ನನ್ನ ಬಾಯಿಗೆ ತಾನಾಗಿ ಬರುವುದು 'ಮಾಲ್ಗುಡಿ ಡೇಸ್' ಧಾರಾವಾಹಿಯ ಶೀರ್ಷಿಕೆ ಸಂಗೀತ. ಎಲ್. ವೈದ್ಯನಾಥನ್ ಮಾಡಿದ ಆ ರಾಗಕ್ಕೆ ಅರ್ಥವಿರುವ ಪದಗಳಿಲ್ಲ. ನಿದ್ದೆಗೆಟ್ಟ ತಾಯಿಗೆ ಅದೇ ಅನುಕೂಲ. ಯಾವ ಸಾಲೂ ಮರೆಯುವ ಭಯವಿಲ್ಲ. ಗುನುಗಿದರೆ ಎದೆಯೆಲುಬು ಕಂಪಿಸುತ್ತದೆ, ಆ ಕಂಪನ ಮಗುವಿನ ದವಡೆಗೆ ತಲಪುತ್ತದೆ. ಅಳು ಇಳಿಯುತ್ತದೆ.

ಶಂಕರ್ ನಾಗ್ ಈ ಧಾರಾವಾಹಿಯನ್ನು ಚಿತ್ರೀಕರಿಸಿದ್ದು ನಮ್ಮ ಆಗುಂಬೆಯಲ್ಲಿ. ದೂರದರ್ಶನದಲ್ಲಿ ಅದು ಬಂದದ್ದು 1987ರಲ್ಲಿ, ಆರ್.ಕೆ. ನಾರಾಯಣರ ಕಥೆ, ಅವರ ತಮ್ಮ ಆರ್.ಕೆ. ಲಕ್ಷ್ಮಣರ ರೇಖೆ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. 1990ರ ಸೆಪ್ಟೆಂಬರ್ 30ರಂದು ಶಂಕರ್ ನಾಗ್ ತೀರಿಕೊಂಡಾಗ ಇನ್ನೂ ಮೂವತ್ತೈದು. ನಾನು ಅದನ್ನು ನೋಡಿದ್ದು ಮರುಪ್ರಸಾರದಲ್ಲಿ. ಪರದೆಯ ಮೇಲೆ ಕಾಣುವ ಅಗಲ ಜಗಲಿಯ ದೊಡ್ಡಮನೆ ನಮ್ಮೂರಿನಿಂದ ಒಂದು ಗಂಟೆಯ ಬಸ್ಸು ದಾರಿ ಎಂಬ ಹೆಮ್ಮೆಯೇ ಹೆಮ್ಮೆ. ಒಮ್ಮೆ ಬಾಲ್ಕನಿಯಲ್ಲಿ ಮಗುವನ್ನೆತ್ತಿಕೊಂಡು ಗುನುಗುತ್ತಿದ್ದಾಗ ಎದುರಿನಿಂದ ಮಾಸಿಮಾ ಅದರ ಮುಂದಿನ ಸಾಲು ಗುನುಗಿದರು. ಹಿಂದಿಯಲ್ಲಿ ಇಡೀ ದೇಶಕ್ಕೆ ಬಿತ್ತರವಾದದ್ದಲ್ಲವೇ? ಅವರ ಮಕ್ಕಳು ಚಿಕ್ಕವರಿದ್ದಾಗ ಕಪ್ಪುಬಿಳುಪು ಟಿ.ವಿ.ಯಲ್ಲಿ ಕೂತು ನೋಡಿದ್ದಂತೆ. ಕೋಲ್ಕತ್ತ ದೂರದರ್ಶನ ಶುರುವಾದದ್ದು 1975ರ ಆಗಸ್ಟ್ 9ರಂದು. ಆ ಕಾಲದ ಮಕ್ಕಳ ಕಾರ್ಯಕ್ರಮ 'ಚಿಚಿಂಗ್ ಫಾಂಕ್', ಆಮೇಲೆ ರಜಿತ್ ಕಪೂರ್ ನಟಿಸಿದ 'ಬ್ಯೋಮಕೇಶ್ ಬಕ್ಷಿ', ಸಬ್ಯಸಾಚಿ ಚಕ್ರವರ್ತಿಯ ಫೆಲುದಾ, ಹೀಗೆ ಅವರ ಮಾತು ಓಡುತ್ತದೆ. ಅವರಿಗೆ ಇಷ್ಟವಾದ ಕಾರ್ಯಕ್ರಮಗಳನ್ನು ನಾನು ಒಂದೊಂದಾಗಿ ನೋಡುತ್ತಿದ್ದೇನೆ, ಮಗು ಮಲಗಿದಾಗ.

ಬಾಣಂತಿ ಟಿ.ವಿ. ನೋಡಿದರೆ ಮುಖ ಸಿಂಡರಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಭಾಷೆ ಬಾರದ ಊರಿನಲ್ಲಿ, ಗಂಡ ಕೆಲಸಕ್ಕೆ ಹೋದ ಮೇಲೆ, ಒಂದು ಕೂಸಿನೊಂದಿಗೆ ಇಡೀ ದಿನ ಇರುವ ಹೆಣ್ಣಿಗೆ ಜನರ ಮಾತು ಕೇಳಬೇಕೆನಿಸುತ್ತದೆ. ನನಗೆ ಬಂಗಾಳಿ ಕಲಿಸಿದ್ದರಲ್ಲಿ ರಚನಾ ಬ್ಯಾನರ್ಜಿ ನಡೆಸಿಕೊಟ್ಟ 'ದೀದಿ ನಂಬರ್ ಒನ್' ಕಾರ್ಯಕ್ರಮಕ್ಕೆ ದೊಡ್ಡ ಪಾಲಿದೆ. ಅಲ್ಲಿಗೆ ಬರುವ ಸಾಧಾರಣ ಹೆಂಗಸರು ಸೀರೆ ಮಾರಿ ಮನೆ ನಡೆಸಿದ್ದು, ಗಂಡ ಸತ್ತ ಮೇಲೆ ಮಕ್ಕಳನ್ನು ಓದಿಸಿದ್ದು ಹೇಳಿಕೊಳ್ಳುತ್ತಾರೆ. ಮಾತು ಪೂರ್ತಿ ಅರ್ಥವಾಗದಿದ್ದಾಗಲೂ ಅಳು, ನಗು ಅರ್ಥವಾಗುತ್ತಿದ್ದವು. ನಿರೂಪಕಿ 2024ರಲ್ಲಿ ಹೂಗ್ಲಿಯಿಂದ ಲೋಕಸಭೆಗೆ ಆರಿಸಿ ಹೋದಾಗ ನಮ್ಮ ಕಟ್ಟಡದ ಮೆಟ್ಟಿಲುಗಳ ಮೇಲೆ ವಾರವಿಡೀ ಅದೇ ಸುದ್ದಿ.

ಆದರೆ ಮಗುವಿನ ವಿಷಯ ಬೇರೆ, ಇದರಲ್ಲಿ ನಾನು ಹಠ ಹಿಡಿದಿದ್ದೇನೆ. ಅಳುವ ಮಗುವಿನ ಮುಂದೆ ಮೊಬೈಲಿನ ಬಣ್ಣದ ಹಾಡು ಹಿಡಿದರೆ ಅಳು ಥಟ್ಟನೆ ನಿಲ್ಲುತ್ತದೆ ಎಂಬುದು ಎಲ್ಲ ತಾಯಂದಿರಿಗೂ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ ಎಂದಿತು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಎರಡು ವರ್ಷದವರೆಗೂ ಬೇಡ ಎನ್ನುತ್ತದೆ, ಬಂಧುಗಳೊಂದಿಗೆ ಆಗೀಗ ವಿಡಿಯೊ ಕರೆಯನ್ನು ಮಾತ್ರ ಬಿಟ್ಟು. ಈ ನಿಯಮ ಯಾಕೆ ಎಂಬುದಕ್ಕೆ ನನ್ನ ಮನಸ್ಸು ತಟ್ಟಿದ ಉತ್ತರ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಎರಡು ಅಧ್ಯಯನಗಳಲ್ಲಿದೆ. 2003ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನೀ ಮ್ಯಾಂಡರಿನ್ ಕೇಳಿಸಿದರು. ಎದುರು ಕೂತು ಆಡಿಸುತ್ತ, ಪುಸ್ತಕ ತೋರಿಸುತ್ತ ಮಾತಾಡಿದವರಿಂದ ಮಕ್ಕಳು ಆ ಭಾಷೆಯ ಧ್ವನಿಗಳ ವ್ಯತ್ಯಾಸ ಹಿಡಿದವು. ಅದೇ ಜನ, ಅದೇ ಮಾತು ವಿಡಿಯೊದಲ್ಲಿ ಬಂದಾಗ ಏನನ್ನೂ ಕಲಿಯಲಿಲ್ಲ. ಆರು ವರ್ಷದ ನಂತರ ಡಿಮಿಟ್ರಿ ಕ್ರಿಸ್ಟಾಕಿಸ್ ತಂಡ ಮಕ್ಕಳ ಅಂಗಿಗೆ ಪುಟ್ಟ ಧ್ವನಿಮುದ್ರಕ ಸಿಕ್ಕಿಸಿ ಅಳೆಯಿತು. ಟಿ.ವಿ. ಸದ್ದು ಕೇಳಿಸುವ ಪ್ರತಿ ಗಂಟೆಗೆ ದೊಡ್ಡವರ ಬಾಯಿಂದ ಮಗುವಿನ ಕಿವಿಗೆ ಬೀಳುವ ಮಾತು ಸುಮಾರು 770 ಪದಗಳಷ್ಟು ಕಡಿಮೆಯಾಗಿತ್ತು. ಮಗು ಟಿ.ವಿ. ನೋಡದಿದ್ದರೂ, ಅದು ಸುಮ್ಮನೆ ಹಿನ್ನೆಲೆಯಲ್ಲಿ ಓಡುತ್ತಿದ್ದರೂ ದೊಡ್ಡವರು ಮಾತು ನಿಲ್ಲಿಸಿಬಿಡುತ್ತಾರೆ.

ಈ ಸಂಖ್ಯೆ ನಮ್ಮಂಥವರ ಮನೆಯಲ್ಲಿ ಇನ್ನಷ್ಟು ದುಬಾರಿ. ಬೀದಿಯಲ್ಲಿ, ಅಂಗಡಿಯಲ್ಲಿ, ಆಡಿಸಲು ಬರುವ ಹುಡುಗಿಯ ಬಾಯಲ್ಲಿ ಪುಟ್ಟಿಗೆ ಸಿಗುವುದು ಬಂಗಾಳಿ, ಅದು ಧಾರಾಳವಾಗಿ ಸಿಗುತ್ತದೆ. ಕನ್ನಡ ಸಿಗುವುದು ನಮ್ಮಿಬ್ಬರಿಂದ ಮಾತ್ರ. ನಾವು ಬಾಯಿ ಮುಚ್ಚಿದ ಗಂಟೆಯ ನಷ್ಟವನ್ನು ತುಂಬಿಕೊಡಲು ಕೋಲ್ಕತ್ತದಲ್ಲಿ ಬೇರೆ ಯಾರೂ ಇಲ್ಲ. ಕನ್ನಡ ಶಿಶುಗೀತೆಯ ವಿಡಿಯೊ ಹಾಕಿದರೆ ಭಾಷೆ ಬಂದೀತು ಎಂಬುದು ದೂರದೂರಿನ ಕನ್ನಡಿಗರಲ್ಲಿ ಬಹಳ ಮಂದಿಯ ನಂಬಿಕೆ. ಈ ವಯಸ್ಸಿಗೆ ಅದು ನಡೆಯುವುದಿಲ್ಲ. ಅಜ್ಜಿಯ ವಿಡಿಯೊ ಕರೆ ಮಾತ್ರ ಬೇರೆ ಜಾತಿಯದು. ಮಗು ಕೈಬೀಸಿದರೆ ಅಜ್ಜಿಯೂ ಬೀಸುತ್ತಾರೆ, ಮಗು "ಬಾ ಬಾ" ಎಂದರೆ ಅಜ್ಜಿಯೂ ಎನ್ನುತ್ತಾರೆ. ಎರಡು ವರ್ಷ ದಾಟಿದ ಮಕ್ಕಳು ಇಂಥ ಮಾತುಕತೆಯಿಂದ ಹೊಸ ಪದ ಕಲಿತದ್ದನ್ನು 2014ರ ಒಂದು ಅಧ್ಯಯನ ತೋರಿಸಿದೆ. ಪುಟ್ಟಿ ಸದ್ಯಕ್ಕೆ ಅಜ್ಜಿಯ ಮುಖ ಕಂಡ ಕೂಡಲೇ ಫೋನನ್ನೇ ಕಚ್ಚಲು ಹೋಗುತ್ತಾಳೆ.

ನನಗೆ ಇಷ್ಟವಾದ ಕಾರ್ಯಕ್ರಮಗಳನ್ನೆಲ್ಲ ನೆನೆಸಿಕೊಂಡರೆ ಒಂದು ಗುಣ ಎದ್ದು ಕಾಣುತ್ತದೆ: ಅವು ಮನೆಯವರ ಬಾಯಿ ಮುಚ್ಚಿಸಲಿಲ್ಲ. ಚಂದನದ 'ಥಟ್ ಅಂತ ಹೇಳಿ'ಯನ್ನೇ ನೋಡಿ. ವೈದ್ಯರೂ ಆದ ನಾ. ಸೋಮೇಶ್ವರ 2002ರಿಂದ ನಡೆಸುತ್ತಿರುವ ಕ್ವಿಜ್, ಬಹುಮಾನ ಪುಸ್ತಕ. ನಮ್ಮ ಅಪ್ಪ ಪರದೆಯೊಳಗಿನ ಸ್ಪರ್ಧಿಗಿಂತ ಮುಂಚೆ ಉತ್ತರ ಕೂಗುತ್ತಿದ್ದರು, ಅಮ್ಮ ಅಡುಗೆಮನೆಯಿಂದಲೇ "ಅಲ್ಲ, ಅದಲ್ಲ" ಎನ್ನುತ್ತಿದ್ದರು, ಆಮೇಲೆ ಅರ್ಧ ಗಂಟೆ ಅದರದೇ ಚರ್ಚೆ. 1998ರಲ್ಲಿ ಬಂದ 'ಮಾಯಾಮೃಗ'ದ ಒಂದು ಕಂತು ಮುಗಿದರೆ ಬೇಲಿಯ ಆಚೀಚೆ ನಿಂತ ಹೆಂಗಸರು ಆ ಮನೆಯವರೆಲ್ಲ ತಮ್ಮ ನೆಂಟರೇ ಎಂಬಂತೆ ಮಾತಾಡುತ್ತಿದ್ದರು. ಟಿ.ಎನ್. ಸೀತಾರಾಮ್ 'ಮುಕ್ತ'ದಲ್ಲಿ ಕರಿಕೋಟು ತೊಟ್ಟು ವಾದಿಸಿದ ಮರುದಿನ ನಮ್ಮ ಜಗಲಿಯಲ್ಲೂ ಅದೇ ಮೊಕದ್ದಮೆ. ಕಂತಿಗೊಂದು ಕೊನೆ ಇತ್ತು. ಟಿ.ವಿ. ಆರಿಸಿದ ಮೇಲೆ ಮಾತು ಶುರುವಾಗುತ್ತಿತ್ತು, ಮಕ್ಕಳಾದ ನಾವು ಆ ಮಾತನ್ನು ಕೇಳುತ್ತ ಬೆಳೆದೆವು. ಈಗ ಒಂದು ವಿಡಿಯೊ ಮುಗಿಯುವ ಮೊದಲೇ ಇನ್ನೊಂದು ತಾನಾಗಿ ಶುರುವಾಗುತ್ತದೆ. ಮಾತಿಗೆ ಸಂದು ಸಿಗುವುದಿಲ್ಲ. ನನಗೆ ದೊಡ್ಡ ತಕರಾರು ಇರುವುದು ಇದರ ಮೇಲೆ.

ಹಾಗಾಗಿ ಈ ಮನೆಯಲ್ಲಿ ಟಿ.ವಿ. ಮಗುವಿಗೆ ನಮ್ಮ ಮೂಲಕವೇ ತಲಪುತ್ತದೆ. ಮಾಲ್ಗುಡಿಯ ರಾಗ ನನ್ನ ಎದೆಯಿಂದ, ಸೋಮೇಶ್ವರರ "ಥಟ್ ಅಂತ ಹೇಳಿ" ಅವಳಪ್ಪನ ಬಾಯಿಂದ. ಸ್ನಾನ ಮಾಡಿಸುವಾಗ ಅವರು "ಇದು ಯಾರ ಮೂಗು?" ಎಂದು ಕೇಳಿ ಗಂಟೆ ಬಾರಿಸಿದಂತೆ ತಂಬಿಗೆ ಬಡಿಯುತ್ತಾರೆ. ಉತ್ತರವಾಗಿ ಪುಟ್ಟಿ ನೀರು ಚಿಮ್ಮಿಸುತ್ತಾಳೆ.

ಇಪ್ಪತ್ತು ಹಾಲುಹಲ್ಲುಗಳೂ ಬಂದು ಮುಗಿಯಲು ಎರಡೂವರೆಯಿಂದ ಮೂರು ವರ್ಷ ಬೇಕು. ಅಷ್ಟು ಹೊತ್ತಿಗೆ ದಿನಕ್ಕೆ ಒಂದು ಗಂಟೆಯೊಳಗೆ ಟಿ.ವಿ. ತೋರಿಸಬಹುದು ಎನ್ನುತ್ತಾರೆ ತಜ್ಞರು, ದೊಡ್ಡವರು ಜೊತೆಗಿರಬೇಕೆಂಬ ಷರತ್ತಿನ ಮೇಲೆ. ಮೊದಲು ಏನು ತೋರಿಸುವುದು ಎಂಬ ಚರ್ಚೆ ಮನೆಯಲ್ಲಿ ಈಗಲೇ ಎದ್ದಿದೆ. ಮಾಸಿಮಾಗೆ ಸತ್ಯಜಿತ್ ರಾಯ್ ಅವರ 'ಸೋನಾರ್ ಕೆಲ್ಲಾ' ಬಿಟ್ಟು ಬೇರೇನೂ ಸಮ್ಮತವಿಲ್ಲ. 1974ರ ಸಿನಿಮಾ, ಅದರ ನಡುವೆ ಇರುವವನೂ ಒಬ್ಬ ಪುಟ್ಟ ಹುಡುಗ. ಮೂರು ವರ್ಷದವಳಿಗೆ ಅದರಲ್ಲಿನ ಕಳ್ಳರು ಹೆದರಿಕೆ ಹುಟ್ಟಿಸಿಯಾರು ಎಂಬುದು ನನ್ನ ಆಕ್ಷೇಪ, ಐದಾರು ವರ್ಷವಾಗಲಿ ಎಂದಿದ್ದೇನೆ. ನನ್ನ ಮತ ಸ್ವಾಮಿಗೆ. ಒಂದು ಕಂತು ಹಾಕಿ, ಮುಗಿದ ಕೂಡಲೇ ಆರಿಸಿ, ಹಿಂದಿಯಲ್ಲಿ ಕೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಬೇಕು. ಮಾಸಿಮಾ ಬಂದಿದ್ದರೆ ಅವರು ಬಂಗಾಳಿಯಲ್ಲಿ ತಿದ್ದಿ ಹೇಳಲಿ.